ಕಬ್ಬಿನ ಕಾಟಾ, ಕರಾಟೆ ಕಾಟಾ

ನಮ್ಮ ಮುಧೋಳ ಕಡೆ ಕಾಟಾ ಅಂದರೆ ಒಂದೇ ಅರ್ಥ. ಕಬ್ಬಿನ ಟ್ರ್ಯಾಕ್ಟರ್ ಹತ್ತಿಸಿ ತೂಗುವ ಕಾಟಾ. ಅದರ ಅಂಕಿಯನ್ನು ನಮ್ಮ ಅಣ್ಣ ಯಾವತ್ತೂ ನಂಬಿದವನಲ್ಲ. ಕರಾಟೆಯಲ್ಲೂ ಕಾಟಾ ಅಂತ ಒಂದಿದೆ, ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆ, ಅಂತ ಅವನ ಮಗಳು ಹೇಳಿದಾಗ ಕೇಳಿದ್ದು ಒಂದೇ ಮಾತು: "ಅದರಾಗೂ ತೂಕದಾಗ ಹೊಡೀತಾರೇನವಾ?"

ಹೊಡೆಯುವುದಿಲ್ಲ. ಕಾಟಾಕ್ಕೆ ತೂಕದ ಲೆಕ್ಕವೇ ಇಲ್ಲ. ಎದುರುಬದುರು ಆಡುವ ಕುಮಿಟೆಗೆ ಮಾತ್ರ ಇದೆ. ಹದಿನೆಂಟು ದಾಟಿದ ಹೆಣ್ಣುಮಕ್ಕಳಿಗೆ 50, 55, 61, 68 ಕಿಲೋ ಒಳಗೆ, ಮತ್ತೆ 68ರ ಮೇಲೆ. ನಮ್ಮ ಹುಡುಗಿ ಬಿ.ಎ. ಎರಡನೇ ವರ್ಷ, 63 ಕಿಲೋ, ಅಂದರೆ ಆರಾಮಾಗಿ 68ರ ಒಳಗೆ. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ಆದರೆ ಊರಿಗೆ ಫಿಟ್ನೆಸ್ ಶಿಬಿರ ಬಂತು. ಫ್ಲೆಕ್ಸ್‌ನಲ್ಲಿ ಹದಿನಾಲ್ಕು ಮುಖ, ಅದರಲ್ಲಿ ಕರಾಟೆ ಆಡುವವರು ಇಬ್ಬರು, ಅವರೂ ಕೆಳಗಿನ ಮೂಲೆಯಲ್ಲಿ. ಶಾಮಿಯಾನದ ಬಾಗಿಲಲ್ಲೇ ಒಂದು ಗಾಜಿನ ಮಷೀನ್ ಇಟ್ಟುಕೊಂಡು, ಕೋಟು ಹಾಕಿದ ಹುಡುಗನೊಬ್ಬ ಬಂದವರನ್ನೆಲ್ಲ ಹತ್ತಿಸಿ ಇಳಿಸುತ್ತಿದ್ದ. ನಮ್ಮವಳ ಎತ್ತರ 158 ಸೆಂಟಿಮೀಟರ್. ಗುಣಿಸಿ ಭಾಗಿಸಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25.2 ಅಂದ. ನಮ್ಮ ದೇಶದ ಲೆಕ್ಕದಲ್ಲಿ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಬೊಜ್ಜು' ಅಂತ ಬರೆದು ಕೈಗೆ ಕೊಟ್ಟ. ಆ ಚೀಟಿ ನೋಡಿ ಅವಳನ್ನು ತಂಡದಿಂದ ತೆಗೆದರು. ಆ ಹುಡುಗಿ ತಲೆಯೆತ್ತರಕ್ಕೆ ಒದ್ದು ಮೂರು ಪಾಯಿಂಟ್ ತರುವವಳು. ಸೈಕಲ್ ತುಳಿದು ತುಳಿದು ತೊಡೆ ಕಲ್ಲಾಗಿದೆ. ಮಾಂಸಖಂಡ ಕೊಬ್ಬಿಗಿಂತ ಭಾರ, ಒಂದೇ ಅಳತೆಯ ತುಂಡು ತೂಗಿದರೆ ಮಾಂಸಖಂಡವೇ ಹೆಚ್ಚು ತೂಗುತ್ತದೆ. ಅದು ಆ ಸೂತ್ರಕ್ಕೆ ಹೇಗೆ ಗೊತ್ತಾಗಬೇಕು?

ಸೂತ್ರದ ಜಾತಕವೂ ಮಜವಾಗಿದೆ. ಬೆಲ್ಜಿಯಂನ ಕೆಟಲೆ ಅನ್ನುವ ಖಗೋಳಶಾಸ್ತ್ರಜ್ಞ 1830ರ ದಶಕದಲ್ಲಿ ಕಟ್ಟಿದ್ದು. ಅವನಿಗೆ ಬೇಕಿದ್ದದ್ದು ಸರಾಸರಿ ಮನುಷ್ಯ ಹೇಗಿರುತ್ತಾನೆ ಅನ್ನುವ ಲೆಕ್ಕ, ಯಾರ ಹೊಟ್ಟೆಯೂ ಅಲ್ಲ. ಬಿಎಂಐ ಅನ್ನುವ ಹೆಸರು ಬಿದ್ದದ್ದೇ 1972ರಲ್ಲಿ. ಊರಿಗೆ ಊರನ್ನೇ ಒಟ್ಟಿಗೆ ಅಳೆಯೋಕೆ ಸರಿ. ಒಬ್ಬ ಆಟಗಾರ್ತಿಯ ಹಣೆಗೆ ಅಂಟಿಸೋಕಲ್ಲ. ನಕ್ಷತ್ರ ನೋಡುವವನ ಮಾತು ಕೇಳಿ ಮದುವೆ ನಿಲ್ಲಿಸುವವರನ್ನು ಕಂಡಿದ್ದೆ, ತಂಡದಿಂದ ತೆಗೆಯುವವರನ್ನು ಈಗ ಕಂಡೆ.

ನಾನು ಜಗಳ ತೆಗೆದೆ. ಸರಿ ಅಂತ ಕೊಬ್ಬಿನ ಪರ್ಸೆಂಟೇ ತೋರಿಸುವ ಇನ್ನೊಂದು ಮಷೀನ್ ತಂದರು. ಕಾಲಿನ ಮೂಲಕ ಸಣ್ಣ ಕರೆಂಟ್ ಬಿಡುತ್ತದೆ. ನೀರಿರುವ ಕಡೆ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ, ಅದರ ಮೇಲೆ ಮಷೀನ್ ಅಂದಾಜು ಹೊಡೆಯುತ್ತದೆ. ಹುಡುಗಿ ಆಗಷ್ಟೇ ಓಡಿ ಬಂದು ಬೆವರಿದ ಕಾಲಲ್ಲಿ ಹತ್ತಿದಳು, 27 ಬಂತು. ಕಾಲು ಒರೆಸಿಕೊಂಡು ಹತ್ತಿದಳು, 31. ಒಂದು ಟವೆಲ್‌ನಿಂದ ನಾಲ್ಕು ಪರ್ಸೆಂಟ್ ಕೊಬ್ಬು ಏರುವ ಪವಾಡ! ಅಣ್ಣ ಮೆಲ್ಲಗೆ ಅಂದ: "ಕಬ್ಬು ತೂಗುವಾಗ ಕಡಿಮಿ, ಕೂಸಿನ್ನ ತೂಗುವಾಗ ಜಾಸ್ತಿ. ಎಲ್ಲಾ ಕಾಟಾ ಒಂದ ಜಾತಿ ಬಿಡಪಾ."

ಅವಳು ಎಷ್ಟೆತ್ತರ ಜಿಗಿಯುತ್ತಾಳೆ, ಮೂರು ನಿಮಿಷದ ಆಟದಲ್ಲಿ ಕೊನೆಯ ಮೂವತ್ತು ಸೆಕೆಂಡಿಗೆ ಕಾಲು ಮೇಲೆ ಏಳುತ್ತದೋ ಇಲ್ಲವೋ, ಎದುರಿನವಳ ಭುಜ ಅಲುಗಿದ್ದನ್ನು ಕಣ್ಣು ಹಿಡಿದು ಕೈ ಹೊರಡೋಕೆ ಎಷ್ಟು ಹೊತ್ತು ಬೇಕು, ಇದ್ಯಾವುದನ್ನೂ ಯಾರೂ ನೋಡಲಿಲ್ಲ. ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಜಿಗಿಸಿದ್ದರೂ ಸಾಕಿತ್ತು. ಅದಕ್ಕೆ ಮಷೀನ್ ಬೇಡ, ಹಾಗಾಗಿ ಅದಕ್ಕೆ ಬಿಲ್ಲೂ ಇಲ್ಲ.

ಆಮೇಲೆ ಆಹಾರ ಸಲಹೆ. ರೊಟ್ಟಿ ಬಿಡಬೇಕಂತೆ, ಶೇಂಗಾ ಹಿಂಡಿ ಮುಟ್ಟಬಾರದಂತೆ, ಓಟ್ಸ್ ಮತ್ತು ಪ್ರೋಟೀನ್ ಪುಡಿ ತಗೋಬೇಕಂತೆ. ಪುಡಿಯ ಡಬ್ಬಿ ಅದೇ ಮೇಜಿನ ಮೇಲೆ, ಶಿಬಿರಾರ್ಥಿಗಳಿಗೆ ರಿಯಾಯಿತಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ, ನೂರು ಗ್ರಾಂ ಜೋಳದಲ್ಲಿ ಹತ್ತರ ಹತ್ತಿರ. ಪಾಪ, ಶೇಂಗಾಕ್ಕೆ ಡಬ್ಬಿ ಇಲ್ಲ, ಮೇಲೆ ಸಿಕ್ಸ್ ಪ್ಯಾಕ್ ಫೋಟೋ ಇಲ್ಲ.

ಕಡೆಗೆ ಮುಖ್ಯ ಅತಿಥಿ ಸಾಹೇಬರು ಬಂದರು. ಅವರನ್ನು ಯಾವ ಮಷೀನೂ ಕರೆಯಲಿಲ್ಲ. ಸೇಬಿನ ಹಾರ ಹಾಕಿದರು, ಪೇಟ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಯುವಕರು ಮುಧೋಳದ ನಾಯಿಯ ಹಾಗೆ ಸಪೂರ ಇರಬೇಕು ಅಂತ ನಲವತ್ತು ನಿಮಿಷ ಮಾತಾಡಿದರು. ಮೊದಲೇ ಸೀಳು ಬಿಟ್ಟಿದ್ದ ಹೆಂಚೊಂದನ್ನು ಮುಷ್ಟಿಯಿಂದ ಮುಟ್ಟಿದರು, ಅದು ಮರ್ಯಾದೆಗೆ ಒಡೆಯಿತು. ಸಾಹೇಬರಿಗೆ ಗೌರವ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು. ನಮ್ಮವಳು ಅದಕ್ಕೆ ಆರು ವರ್ಷ ಬೆವರು ಸುರಿಸಿದ್ದಾಳೆ. ಸೊಂಟಕ್ಕೆ ಸುತ್ತು ಸಾಲದೆ ಬೆಲ್ಟನ್ನು ಹೆಗಲ ಮೇಲೆ ಹಾಕಿದರು.

ಸಾಹೇಬರು ಹಾರ ತುರಾಯಿ ಕುರ್ಚಿಯ ಮೇಲೆ ಬಿಟ್ಟು ಊಟಕ್ಕೆ ಹೋದರು. ಹುಡುಗಿ ಅತ್ತಿತ್ತ ನೋಡಿ, ಹಾರ, ಪೇಟ, ಶಾಲು, ಬುಟ್ಟಿ ಎಲ್ಲವನ್ನೂ ತಂದು ಆ ಗಾಜಿನ ಮಷೀನ್ ಮೇಲೆ ಒಟ್ಟಿದಳು. 9 ಕಿಲೋ 200 ಗ್ರಾಂ.

ಕುಮಿಟೆಯಲ್ಲಿ ಗಂಡಸರ ವಿಭಾಗ 75ರ ಒಳಗೆ, ಆಮೇಲೆ 84ರ ಒಳಗೆ, ನಡುವೆ ಒಂಬತ್ತೇ ಕಿಲೋ. ಬೆರಳು ಮಡಚಿ ಲೆಕ್ಕ ಹಾಕಿ ನನ್ನ ಕಡೆ ತಿರುಗಿದಳು. "ಕಾಕಾ, ಬರೀ ಸನ್ಮಾನಕ್ಕ ಸಾಹೇಬರು ಒಂದು ಕೆಟಗರಿ ಮ್ಯಾಲ ಹೋಗ್ಯಾರ ನೋಡು."

ಕೋಟಿನ ಹುಡುಗ ಓಡಿ ಬಂದು ಮಷೀನ್ ಕಸಿದುಕೊಂಡ. ಅದರ ಗಾಜು ಸೂಕ್ಷ್ಮವಂತೆ.