ಆ್ಯನ್ ಯಾಕೆ, ಎ ಯಾಕಾಗಬಾರದು?

ಯಾವತ್ತೋ ಒಂದು ದಿನ ಯಾರದೋ ಅರ್ಜಿಯಲ್ಲಿ ಸ್ಪೆಲ್ಲಿಂಗ್ ತಿದ್ದಿಕೊಟ್ಟೆ. ಅಷ್ಟೇ, ನಮ್ಮ ಬಳಗಕ್ಕೆಲ್ಲ ನಾನು ಇಂಗ್ಲಿಷ್ ಪಂಡಿತನಾಗಿಬಿಟ್ಟೆ. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬರಲು ಶುರುವಾಯಿತು. ‘ಬಿಜಿ ಇದ್ದೀಯಾ? ಒಂದೇ ಒಂದು ಸಣ್ಣ ಡೌಟು.’

ಈ ಸಣ್ಣ ಡೌಟುಗಳೇ ನಿದ್ದೆ ಕೆಡಿಸುವುದು. ದೊಡ್ಡ ಪ್ರಶ್ನೆಯಾದರೆ ಹೇಗೋ ಬಚಾವಾಗಬಹುದು. ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಅಂತ ಯಾರಾದರೂ ಕೇಳಿದರೆ ಗ್ರಾಮರ್ ಪುಸ್ತಕದಲ್ಲಿ ಅದಕ್ಕೊಂದು ಪಾಠವೇ ಇರುತ್ತದೆ. ಫೋಟೊ ತೆಗೆದು ಕಳಿಸಿ ಕೈತೊಳೆದುಕೊಳ್ಳಬಹುದು. ಆದರೆ ಅದನ್ನು ಯಾರೂ ಕೇಳುವುದಿಲ್ಲ. ಎಲ್ಲರ ಜಗಳವೂ ಎ, ಆ್ಯನ್, ದಿ, ಇನ್, ಆನ್, ಅಟ್ ಜೊತೆಗೇ. ಮೂರ್ತಿ ಚಿಕ್ಕದು, ಕಾಟ ದೊಡ್ಡದು.

ಗೆಳತಿಯೊಬ್ಬಳು ಆಫೀಸಿಗೆ ಮೇಲ್ ಬರೆಯುತ್ತಿದ್ದಳು. ಒಂದು ಗಂಟೆ ಪರ್ಮಿಷನ್ ಬೇಕಿತ್ತು. ‘ಎ ಅವರ್’ ಅಂತ ಬರೆದಿದ್ದಳು. ‘ಆ್ಯನ್ ಅವರ್’ ಮಾಡು ಅಂದೆ.

‘ಯಾಕೆ? ಶುರುವಾಗೋದು ಎಚ್‌ನಿಂದ. ಎಚ್ ವವಲ್ ಅಲ್ವಲ್ಲ?’

‘ಅಕ್ಷರ ನೋಡಬೇಡ, ಸದ್ದು ಕೇಳು. ಆ ಎಚ್ ಬಾಯಿ ಬಿಡಲ್ಲ. ಕಿವಿಗೆ ಬೀಳೋದು ಅ. ಅದಕ್ಕೆ ಆ್ಯನ್. ಅದೇ ಯೂನಿವರ್ಸಿಟಿ ಬರೆಯೋದು ಯು ಇಂದ, ಕೇಳಿಸೋದು ಯ. ಅದಕ್ಕೆ ಎ.’

ತಲೆಯಾಡಿಸಿದಳು. ಪಾಠ ಮುಗಿಯಿತು ಅಂದುಕೊಂಡೆ. ‘ಹಾಗಾದ್ರೆ ಎಂಬಿಎ?’ ಅಂದಳು.

‘ಎಮ್ ಅಂತ ತಾನೇ ಓದೋದು? ಆ್ಯನ್ ಎಂಬಿಎ.’

‘ಅದನ್ನೇ ಬಿಡಿಸಿ, ಮಾಸ್ಟರ್ ಆಫ್ ಅಂತೆಲ್ಲ ಬರೆದ್ರೆ?’

‘ಆಗ ಎ.’

‘ಅದೇ ಡಿಗ್ರಿ, ಅದೇ ಖರ್ಚು. ಚಿಕ್ಕದಾಗಿ ಬರೆದ್ರೆ ಆ್ಯನ್, ಉದ್ದಕ್ಕೆ ಬರೆದ್ರೆ ಎ. ಇದ್ಯಾವ ಸೀಮೆ ನ್ಯಾಯ?’

ಕೊನೆಗೆ ಅವಳು ಬರೆದದ್ದು ‘ಸಿಕ್ಸ್‌ಟಿ ಮಿನಿಟ್ಸ್’. ಎ ಬೇಡ, ಆ್ಯನ್ ಬೇಡ. ಪರ್ಮಿಷನ್ ಸಿಕ್ಕಿತು.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಇಂಗ್ಲಿಷರೇ ಹಿಂದೆ ಸಾಕಷ್ಟು ಗೊಂದಲ ಮಾಡಿಕೊಂಡಿದ್ದಾರೆ. ಇವತ್ತಿನ ಏಪ್ರನ್ ಒಂದು ಕಾಲದಲ್ಲಿ ನೇಪ್ರನ್ ಆಗಿತ್ತು. ‘ಎ ನೇಪ್ರನ್’ ಅಂತ ಬೇಗ ಬೇಗ ಹೇಳಿ ನೋಡಿ. ಎನ್ ಯಾರ ಪಾಲು ಅಂತ ಗೊತ್ತಾಗುವುದಿಲ್ಲ. ಕೇಳಿದವರು ಅದನ್ನು ಎ ಕಡೆಗೆ ತಳ್ಳಿ ‘ಆ್ಯನ್ ಏಪ್ರನ್’ ಮಾಡಿದರು. ಅಂಪೈರ್ ಕೂಡ ಹೀಗೇ ತನ್ನ ತಲೆಯ ಎನ್ ಕಳೆದುಕೊಂಡವನು. ನಿಕ್‌ನೇಮ್‌ಗೆ ಮಾತ್ರ ಲಾಟರಿ. ಅದು ಮೊದಲು ‘ಆ್ಯನ್ ಈಕ್‌ನೇಮ್’. ಆ್ಯನ್ ಬಾಲದ ಎನ್ ಹಾರಿ ಬಂದು ಇದಕ್ಕೆ ಅಂಟಿಕೊಂಡಿತು. ಆಗ ತಪ್ಪು ಮಾಡಿದವರು ಜಾಸ್ತಿ ಜನ ಇದ್ದರು, ತಪ್ಪೇ ಡಿಕ್ಷನರಿಗೆ ಹೋಯಿತು. ನಮ್ಮ ಗೆಳತಿ ಒಬ್ಬಳೇ, ಪಾಪ.

ಬಾಯಿ ಬಿಡದ ಅಕ್ಷರಗಳ ಮೇಲೂ ಜನಕ್ಕೆ ಸಿಟ್ಟಿದೆ. ಪಕ್ಕದ ಮನೆಯ ಹುಡುಗನಿಗೆ ಡೆಟ್ ಅನ್ನುವ ಪದದಲ್ಲಿ ಬಿ ಯಾಕಿದೆ ಅಂತ ಸಂಶಯ. ನಾನು ಉತ್ಸಾಹದಿಂದ ಶುರು ಮಾಡಿದೆ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಆಮೇಲೆ ಪಂಡಿತರು ಲ್ಯಾಟಿನ್ನಿನ ಡೆಬಿಟಮ್ ಅನ್ನು ನೆನಪಿಸಿಕೊಂಡು, ಗೌರವಕ್ಕಿರಲಿ ಅಂತ ಒಂದು ಬಿ ತುರುಕಿದರು. ಸ್ಪೆಲ್ಲಿಂಗ್ ಬದಲಾಯಿತು, ಬಾಯಿ ಬದಲಾಗಲಿಲ್ಲ.

ಅಲ್ಲೇ ಪೇಪರ್ ಓದುತ್ತಿದ್ದ ಅವನ ತಾತ ತಲೆ ಎತ್ತಿದರು. ‘ಅಷ್ಟೆಲ್ಲ ಯಾಕಪ್ಪ? ಡೆಟ್ ಅಂದ್ರೆ ಸಾಲ. ಬಿ ಅಂದ್ರೆ ಬಡ್ಡಿ. ತಗೊಳ್ಳುವಾಗ ಸದ್ದು ಮಾಡಲ್ಲ, ಲೆಕ್ಕ ಬರೆಯುವಾಗ ಇರುತ್ತೆ.’ ಹುಡುಗ ಆ ಸ್ಪೆಲ್ಲಿಂಗನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ನನ್ನ ಲ್ಯಾಟಿನ್ ಯಾರಿಗೂ ಬೇಕಾಗಲಿಲ್ಲ.

ಕಾರಿಗೆ ಇನ್, ಬಸ್ಸಿಗೆ ಆನ್ ಯಾಕೆ ಅನ್ನುವುದು ಇನ್ನೊಂದು ಹಳೇ ಪ್ರಶ್ನೆ. ಒಳಗೆ ಎದ್ದು ಓಡಾಡಬಹುದಾದ ಗಾಡಿಗೆ ಆನ್, ಕೂತಲ್ಲೇ ಕೂರಬೇಕಾದದ್ದಕ್ಕೆ ಇನ್ ಅಂತ ಒಂದು ಉಪಾಯ ಹೇಳಿಕೊಡುತ್ತೇನೆ. ಬಸ್ಸು, ರೈಲು, ವಿಮಾನ ಎಲ್ಲ ಸರಿಹೋಗುತ್ತದೆ. ‘ಮತ್ತೆ ಬೈಕು?’ ಅನ್ನುತ್ತಾರೆ. ಅದೊಂದಕ್ಕೆ ಮಾತ್ರ ಆನ್ ಅಂದರೆ ನಿಜವಾಗಲೂ ಮೇಲೆ. ಬೆಳಗ್ಗೆಗೆ ಇನ್, ರಾತ್ರಿಗೆ ಅಟ್ ಯಾಕೆ ಅಂತ ಕೇಳಿದರೆ ನನಗೆ ಸಿಗ್ನಲ್ ಹೋಗಿಬಿಡುತ್ತದೆ.

ಎಣಿಸಲಾಗದ ವಸ್ತುಗಳ ಪಟ್ಟಿಯೂ ಜಗಳಕ್ಕೆ ಒಳ್ಳೇ ಜಾಗ. ಫರ್ನಿಚರ್, ಇನ್‌ಫರ್ಮೇಷನ್, ಅಡ್ವೈಸ್ ಇವಕ್ಕೆ ಬಾಲದಲ್ಲಿ ಎಸ್ ಹಚ್ಚುವಂತಿಲ್ಲ. ಮನಿ ಕೂಡ ಇದೇ ಪಟ್ಟಿಯಲ್ಲಿದೆ ಅಂದಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ ಬಹಳ ಹೊತ್ತು ನನ್ನನ್ನೇ ನೋಡಿದ. ‘ಹಾಗಾದ್ರೆ ನಾನು ಬೆಳಗಿಂದ ಸಂಜೆವರೆಗೆ ಏನು ಮಾಡ್ತಾ ಇದ್ದೀನಿ?’

ಎಲ್ಲಕ್ಕಿಂತ ಅಪಾಯದ್ದು ಎಸ್ ಮತ್ತು ನೋ. ‘ಮುಗಿಸಿಲ್ವಾ?’ ಅಂತ ಕೇಳಿದರೆ ನಾವು ‘ಹೂಂ, ಮುಗಿಸಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತಿಗೆ ನಮ್ಮ ಹೂಂ. ಇಂಗ್ಲಿಷ್ ಹಾಗಲ್ಲ. ಕೆಲಸ ಆಗಿಲ್ಲ ಅಂದರೆ ನೋ, ಪ್ರಶ್ನೆ ಯಾವ ಕಡೆಯಿಂದ ಬಂದರೂ ಸರಿ. ಇದನ್ನು ತಿಳಿಯದ ಗೆಳೆಯನೊಬ್ಬ ಮೀಟಿಂಗಿನಲ್ಲಿ ಸಿಕ್ಕಿಬಿದ್ದ. ‘ಈ ಹೊಸ ಪದ್ಧತಿಯಿಂದ ನಿಮಗೆ ಏನೂ ತೊಂದರೆ ಇಲ್ಲ ತಾನೇ?’ ಅಂತ ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು. ಇವನು ಖುಷಿಯಿಂದ ‘ಎಸ್ ಸರ್’ ಅಂದ. ‘ಓಹ್, ಏನು ತೊಂದರೆ ಹೇಳಿ’ ಅಂದರು. ಎಲ್ಲರೂ ಇವನ ಕಡೆ ತಿರುಗಿದರು. ತೊಂದರೆ ಇಲ್ಲದ ಮನುಷ್ಯ ನಿಂತ ನಿಲುವಿನಲ್ಲಿ ಒಂದು ತೊಂದರೆ ಹುಟ್ಟಿಸಬೇಕಾಯಿತು. ಫಾರ್ಮ್ ಭಾರಿ ಉದ್ದ ಇದೆ ಅಂದ. ಸಾಹೇಬರಿಗೆ ಹೌದೆನ್ನಿಸಿತು. ಅದನ್ನು ಗಿಡ್ಡ ಮಾಡುವ ಕೆಲಸ ಈಗ ಇವನದೇ.

ನನಗೆ ಖುಷಿ ಕೊಡುವ ಪ್ರಶ್ನೆಯೂ ಒಂದಿದೆ. ಎದುರಿಗೆ ಇರುವವನು ಒಬ್ಬನೇ ಆದರೂ ‘ಯೂ ಆರ್’ ಯಾಕೆ? ಇದಕ್ಕೆ ಕನ್ನಡದವರಿಗೆ ಉತ್ತರ ಹೇಳುವುದು ಸುಲಭ. ಯೂ ಅಂದರೆ ಮೂಲದಲ್ಲಿ ‘ನೀವು’. ಅವರ ‘ನೀನು’ ಬೇರೆ ಇತ್ತು, ಅದು ದೌ. ದೊಡ್ಡವರಿಗೆ ಮರ್ಯಾದೆಗೆ ನೀವು ಅನ್ನುತ್ತಾ ಅನ್ನುತ್ತಾ, ಆಮೇಲೆ ಸಿಕ್ಕವರಿಗೆಲ್ಲ ನೀವು ಅಂದು, ನೀನು ಅನ್ನುವುದನ್ನೇ ಕೈಬಿಟ್ಟರು. ಈಗ ನಾಯಿಗೂ ಬಹುವಚನ.

ವಾಕ್ಯದ ಕೊನೆಗೆ ಇನ್, ಟು ಥರದ ಪ್ರಿಪೊಸಿಷನ್ ಇಡಬಾರದು ಅಂತ ಯಾರೋ ಹೆದರಿಸಿದ್ದಾರೆ ಅಂತ ಕೆಲವರು ಬರುತ್ತಾರೆ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತಮ್ಮ ವ್ಯಾಕರಣದಲ್ಲಿ, ಗಂಭೀರ ಬರಹಕ್ಕೆ ಆ ರೂಢಿ ಅಷ್ಟು ಒಪ್ಪುವುದಿಲ್ಲ ಅಂದರು. ಇಂಗ್ಲಿಷಿಗೆ ಅದರ ಕಡೆ ಒಲವು ಜಾಸ್ತಿ ಅಂತಲೂ ಅಲ್ಲೇ ಬರೆದರು. ಆ ಮಾತು ಮುಗಿಯುವುದು ‘ಇನ್‌ಕ್ಲೈನ್ಡ್ ಟು’ ಅಂತ. ಬಿಷಪ್ಪರಿಗೇ ಇಲ್ಲದ ಭಯ ನಿಮಗ್ಯಾಕೆ?

ಮೊನ್ನೆ ತಮ್ಮನಿಗೆ ಟ್ಯಾಗ್ ಕ್ವೆಶ್ಚನ್ ಹೇಳಿಕೊಡುತ್ತಿದ್ದೆ. ನಮಗೆ ಒಂದು ‘ಅಲ್ವಾ’ ಇದ್ದರೆ ಸಾಕು, ಬಾಳೆಲ್ಲ ಕಳೆಯುತ್ತದೆ. ಅವರಿಗೆ ಪ್ರತಿ ವಾಕ್ಯಕ್ಕೂ ಹೊಸದು. ಹೀ ಈಸ್ ಅಂದರೆ ಈಸಂಟ್ ಹೀ, ದೇ ಡಿಡ್ ಅಂದರೆ ಡಿಡಂಟ್ ದೇ. ತಮ್ಮ ಚೆನ್ನಾಗಿಯೇ ಹಿಡಿದ. ‘ಐ ಆಮ್ ಲೇಟ್’ ಅಂದೆ. ‘ಆಮಂಟ್ ಐ’ ಅಂದ.

‘ಅಲ್ಲ, ಆರಂಟ್ ಐ.’

‘ಐ ಆರ್ ಅಂದ್ರೆ ಹೊಡೀತೀಯ. ಈಗ ನೀನೇ ಹೇಳ್ತಿದ್ದೀಯ.’

ಸುಮ್ನೆ ಇರಬಹುದಿತ್ತು. ‘ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಆಮಂಟ್ ಐ ಅಂತ ಹೇಳೋರು ಇದ್ದಾರೆ’ ಅಂದೆ. ಅವನ ಮುಖ ಅರಳಿತು. ಈಗ ಏನೇ ತಿದ್ದಲು ಹೋದರೂ ಅವನದು ಒಂದೇ ಉತ್ತರ: ‘ಐರ್ಲೆಂಡ್ ಕಡೆ ಹೀಗೇ.’