ಸತ್ತವನು ಸಾಕ್ಷಿಯೂ ಆಗಿದ್ದ

ಪೊಲೀಸ್ ಸೇಡಿನ ಸಿನಿಮಾ ಅಂದರೆ ನನಗೆ ಪ್ರಾಣ. ಒಳ್ಳೆಯದು, ಕೆಟ್ಟದ್ದು, ಹಳೆಯದು, ಡಬ್ಬಿಂಗ್ ಆದದ್ದು, ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಯಾರಾದರೂ "ಅದರಲ್ಲೇನಿದೆ, ಮನೆಯವರನ್ನ ಸಾಯಿಸ್ತಾರೆ, ಇವನು ಹೋಗಿ ಅವರನ್ನ ಸಾಯಿಸ್ತಾನೆ, ಅಷ್ಟೇ ಅಲ್ವಾ" ಅಂದಾಗ ಮನಸ್ಸಿಗೆ ನೋವಾಗುತ್ತದೆ. ಎಷ್ಟೋ ಸಿನಿಮಾಗಳ ಮಟ್ಟಿಗೆ ಆ ಮಾತು ನಿಜ ಅನ್ನುವುದು ಇನ್ನೂ ದೊಡ್ಡ ನೋವು. ಯಾಕಂದರೆ ಬೇರೆ ಯಾವ ಸೇಡಿನ ಕಥೆಗೂ ಸಿಗದ ಒಂದು ಗಂಟು ಈ ಕಥೆಗೆ ಹುಟ್ಟಿನಿಂದಲೇ ಸಿಕ್ಕಿರುತ್ತದೆ. ಬರೆಯುವವರು ಅದನ್ನು ಕೈಯಾರೆ ಎಸೆದುಬಿಡುತ್ತಾರೆ.

ಆ ಗಂಟು ಏನು ಅಂತ ಹೇಳುತ್ತೇನೆ. ಒಬ್ಬ ರೈತನ ಮನೆಯವರನ್ನೋ ಮೇಷ್ಟ್ರ ಮನೆಯವರನ್ನೋ ಕೊಂದರು ಅಂತಿಟ್ಟುಕೊಳ್ಳಿ. ಅವನ ಪಾಲಿಗೆ ಕೊಂದವನು ಬರೀ ಶತ್ರು. ಅದೇ ಪೊಲೀಸ್ ಆಫೀಸರ್ ಆದರೆ? ಎದುರಿಗಿರುವವನು ಶತ್ರು ಹೌದು, ಆರೋಪಿ ಹೌದು, ಅದರ ಜೊತೆಗೆ ಸಾಕ್ಷಿಯೂ ಹೌದು. ಗಾಡಿ ಓಡಿಸಿದವನಿಗೆ ಗುಂಡು ಹಾರಿಸಿದವನ ಹೆಸರು ಗೊತ್ತು. ಗುಂಡು ಹಾರಿಸಿದವನಿಗೆ ದುಡ್ಡು ಕೊಟ್ಟವನ ಹೆಸರು ಗೊತ್ತು. ಗಾಡಿ ಓಡಿಸಿದವನನ್ನು ಸಿಟ್ಟಿನಲ್ಲಿ ಕೊಂದರೆ ಸೇಡಿನ ಲೆಕ್ಕದಲ್ಲಿ ಒಂದು ತಲೆ ಉರುಳಿತು. ಕೇಸಿನ ಲೆಕ್ಕದಲ್ಲಿ ಬಾಯಿ ಬಿಡಬಹುದಾಗಿದ್ದ ಒಬ್ಬ ಹೋದ. ಅಂದರೆ ಹೀರೊ ಒಂದೊಂದು ಹೆಣ ಬೀಳಿಸಿದಾಗಲೂ ದೊಡ್ಡವನು ಇನ್ನಷ್ಟು ಸುರಕ್ಷಿತ ಆಗುತ್ತಾನೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಆಫೀಸರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಟ್ರಿಗರ್ ಒತ್ತುತ್ತಾನಾ, ಇಲ್ವಾ? ಕಥೆ ಇರುವುದೇ ಅಲ್ಲಿ.

ನಾವು ನೋಡುವ ಸೆಕೆಂಡ್ ಹಾಫ್ ಮಾತ್ರ ಸಾಮಾನ್ಯವಾಗಿ ಮೆಟ್ಟಿಲು ಹತ್ತಿದ ಹಾಗಿರುತ್ತದೆ. ಮೊದಲು ಚಿಕ್ಕವನು, ಆಮೇಲೆ ಅವನ ಅಣ್ಣ, ಆಮೇಲೆ ಲಾಯರ್, ಕೊನೆಗೆ ದೊಡ್ಡ ತಲೆ. ಒಬ್ಬನನ್ನು ಗೋಡೌನ್‌ನಲ್ಲಿ, ಇನ್ನೊಬ್ಬನನ್ನು ಮಳೆಯಲ್ಲಿ, ಮತ್ತೊಬ್ಬನನ್ನು ಲಿಫ್ಟ್‌ನಲ್ಲಿ ಕೊಲ್ಲುತ್ತಾರೆ. ಜಾಗ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಎರಡನೇ ಸಾವನ್ನೂ ಮೂರನೇ ಸಾವನ್ನೂ ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಮಾಡಲು ಬರುವುದಾದರೆ ಆ ಸ್ಕ್ರೀನ್‌ಪ್ಲೇ ಇನ್ನೂ ಬರೆದು ಮುಗಿದಿಲ್ಲ ಅಂತಲೇ ನನ್ನ ಲೆಕ್ಕ.

ಈ ಗಂಟನ್ನು ಪೂರ್ತಿಯಾಗಿ ಬಳಸಿಕೊಂಡ ಸಿನಿಮಾ ಯಾವುದು ಅಂತ ಕೇಳಿದರೆ ನಾನು ಯೋಚನೆ ಮಾಡದೆ ಹೇಳುವುದು 1953ರ 'ದಿ ಬಿಗ್ ಹೀಟ್'. ಫ್ರಿಟ್ಸ್ ಲ್ಯಾಂಗ್ ನಿರ್ದೇಶನ, ಒಂದೂವರೆ ಗಂಟೆಯ ಕಪ್ಪು ಬಿಳುಪು ಸಿನಿಮಾ. ಸಾರ್ಜೆಂಟ್ ಬ್ಯಾನಿಯನ್ ಒಬ್ಬ ಪೊಲೀಸನ ಆತ್ಮಹತ್ಯೆಯ ಕೇಸ್ ಕೆದಕುತ್ತಾನೆ. ಊರಿನ ಗ್ಯಾಂಗ್ ಇವನ ಕಾರಿಗೆ ಬಾಂಬ್ ಇಡುತ್ತದೆ. ಸಾಯುವುದು ಇವನಲ್ಲ, ಹೆಂಡತಿ ಕೇಟಿ.

ಆ ಸಾವಿಗೆ ಮುಂಚೆ ನಿರ್ದೇಶಕರು ಏನು ತೋರಿಸಿದ್ದಾರೆ ನೋಡಿ. ಗಂಡ ಹೆಂಡತಿ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ಅವಳು ಅವನ ಸಿಗರೇಟಿನಿಂದ ಒಂದು ದಮ್ ಎಳೆಯುತ್ತಾಳೆ, ಅವನ ಗ್ಲಾಸಿನಿಂದ ಒಂದು ಗುಟುಕು ಕುಡಿಯುತ್ತಾಳೆ. ಇಬ್ಬರ ನಡುವೆ ಇರುವುದೆಲ್ಲ ಹಂಚಿಕೊಂಡದ್ದೇ. ಡ್ಯುಯೆಟ್ ಬೇಕಾಗಲಿಲ್ಲ, ಹೊಗಳಿಕೆಯ ಡೈಲಾಗ್ ಬೇಕಾಗಲಿಲ್ಲ. ಬಾಂಬ್ ಸಿಡಿಯುವಾಗಲೂ ಕ್ಯಾಮೆರಾ ಕಾರಿನ ಹತ್ತಿರ ಇಲ್ಲ. ಅವನು ಮಗಳನ್ನು ಮಲಗಿಸುತ್ತಾ ಬೆಕ್ಕಿನ ಮರಿಗಳ ಕಥೆ ಹೇಳುತ್ತಿದ್ದಾನೆ. ಕಿಟಕಿಯಾಚೆ ಒಮ್ಮೆಲೇ ಬೆಳಕು. ಅಷ್ಟೇ. ಸಾಯುವುದಕ್ಕೇ ಅಂತ ತಂದ ಪಾತ್ರಕ್ಕೂ ಬದುಕಿದ್ದು ಸತ್ತ ಪಾತ್ರಕ್ಕೂ ಇರುವ ವ್ಯತ್ಯಾಸ ಇದು. ನಮ್ಮಲ್ಲಿ ಎಷ್ಟೋ ಸಲ ಹೀರೊಯಿನ್ ತೆರೆ ಮೇಲೆ ಬಂದ ಹತ್ತು ನಿಮಿಷಕ್ಕೇ ಇವಳು ಇಂಟರ್ವಲ್ ದಾಟುವುದಿಲ್ಲ ಅಂತ ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಯಾರು ಅಳುತ್ತಾರೆ?

ಈಗ ಗಂಟಿಗೆ ಬರುತ್ತೇನೆ. ಆತ್ಮಹತ್ಯೆ ಮಾಡಿಕೊಂಡ ಆ ಪೊಲೀಸ್ ಗ್ಯಾಂಗಿನ ಬಂಡವಾಳವನ್ನೆಲ್ಲ ಒಂದು ಪತ್ರದಲ್ಲಿ ಬರೆದಿಟ್ಟಿದ್ದ. ಅವನ ಹೆಂಡತಿ ಬರ್ತಾ ಅದನ್ನು ಬಚ್ಚಿಟ್ಟುಕೊಂಡು ಗ್ಯಾಂಗಿನಿಂದ ದುಡ್ಡು ಕೀಳುತ್ತಿದ್ದಾಳೆ. ತಾನು ಸತ್ತರೆ ಪತ್ರ ಹೊರಗೆ ಬರುವ ಹಾಗೆ ವ್ಯವಸ್ಥೆ ಮಾಡಿದ್ದಾಳೆ. ಅಂದರೆ ಇಲ್ಲಿ ಲೆಕ್ಕ ಉಲ್ಟಾ. ಒಂದು ಕೊಲೆ ಮಾಡಿದರೆ ಇಡೀ ಕೇಸ್ ತೆರೆದುಕೊಳ್ಳುತ್ತದೆ. ಬ್ಯಾನಿಯನ್ ಅಷ್ಟು ಹೊತ್ತಿಗೆ ಬ್ಯಾಡ್ಜ್ ವಾಪಸ್ ಕೊಟ್ಟಿದ್ದಾನೆ. ಗನ್ ಮಾತ್ರ ಅವನ ಸ್ವಂತದ್ದು. ಅವನ ಕೈ ಬರ್ತಾಳ ಕುತ್ತಿಗೆಯವರೆಗೂ ಹೋಗುತ್ತದೆ. ಅಲ್ಲಿಗೆ ಕಥೆ ಅವನನ್ನು ತಡೆಯುತ್ತದೆ.

ಆಮೇಲೆ ಆ ಕೊಲೆ ಮಾಡುವವಳು ಡೆಬಿ. ಗ್ಯಾಂಗಿನವನೊಬ್ಬನ ಗೆಳತಿ, ಮುಖದ ಮೇಲೆ ಕುದಿಯುವ ಕಾಫಿ ಎರಚಿಸಿಕೊಂಡವಳು. ಬ್ಯಾನಿಯನ್ ತಾನು ಮಾಡಲಾರದೆ ಬಂದ ಕೆಲಸದ ಬಗ್ಗೆ ಅವಳ ಹತ್ತಿರ ಮಾತಾಡಿರುತ್ತಾನೆ. ಅವಳು ಹೋಗಿ ಮುಗಿಸುತ್ತಾಳೆ. ಬ್ಯಾನಿಯನ್ ಕೈ ಶುದ್ಧ. ಆದರೆ ಅವನ ಸೇಡಿನ ಬೆಲೆ ಕೊಟ್ಟವಳು ಇನ್ನೊಬ್ಬಳು, ಅವಳೂ ಉಳಿಯುವುದಿಲ್ಲ. ಅವಳು ಸಾಯುವ ಹೊತ್ತಿನಲ್ಲಿ ಇವನು ಕೇಟಿಯ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುತ್ತಾನೆ. ಅಷ್ಟರವರೆಗೂ ಆ ವಿಷಯ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬ್ಯಾನಿಯನ್ ಮತ್ತೆ ಡ್ಯೂಟಿಗೆ ಸೇರುತ್ತಾನೆ. ಅವನನ್ನು ಒಳ್ಳೆಯವನು ಅನ್ನಬೇಕೋ ಬೇಡವೋ ಅಂತ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ಎಪ್ಪತ್ತು ವರ್ಷ ಹಳೆಯ ಸಿನಿಮಾ ಕಣ್ರೀ ಇದು!

ಇನ್ನು ಸಾವು ಎಲ್ಲಿ ಬರಬೇಕು ಅನ್ನುವ ಪ್ರಶ್ನೆ. ಇಂಟರ್ವಲ್‌ಗೆ ಸರಿಯಾಗಿ ಮನೆಯವರು ಸಾಯಬೇಕು ಅನ್ನುವುದು ಶಾಸನವೇನಲ್ಲ. 1973ರ 'ಜಂಜೀರ್'ನಲ್ಲಿ ಸಾವು ಶುರುವಿನಲ್ಲೇ ಬರುತ್ತದೆ, ಹೀರೊ ಇನ್ನೂ ಮಗು. ನೆನಪಿರುವುದು ಕೊಲೆಗಾರನ ಕೈಯಲ್ಲಿದ್ದ, ಕುದುರೆ ತೂಗುವ ಚೈನು ಮಾತ್ರ. ದೊಡ್ಡವನಾಗಿ ಇನ್ಸ್‌ಪೆಕ್ಟರ್ ಆದವನು ಒಬ್ಬ ಕಳ್ಳದಂಧೆಯವನ ಬೆನ್ನು ಹತ್ತುತ್ತಾನೆ. ಲಂಚದ ಸುಳ್ಳು ಕೇಸಿನಲ್ಲಿ ಸಿಕ್ಕಿ ಜೈಲು ಸೇರುತ್ತಾನೆ, ಸಮವಸ್ತ್ರ ಹೋಗುತ್ತದೆ. ತಾನು ಕೆಲಸದ ಮೇಲೆ ಹುಡುಕುತ್ತಿದ್ದವನೇ ಅಪ್ಪ ಅಮ್ಮನನ್ನು ಕೊಂದವನು ಅಂತ ಗೊತ್ತಾಗುವುದು ಆಮೇಲೆ. ಕರ್ತವ್ಯ ಮೊದಲು, ಸೇಡು ಆಮೇಲೆ. ಈ ಅನುಕ್ರಮ ಬಹಳ ಗಟ್ಟಿ.

1979ರ 'ಮ್ಯಾಡ್ ಮ್ಯಾಕ್ಸ್'ನಲ್ಲಿ ಸಾವು ತುಂಬಾ ತಡವಾಗಿ ಬರುತ್ತದೆ. ಹೈವೇ ಪೊಲೀಸ್ ಮ್ಯಾಕ್ಸ್ ಅದಕ್ಕೆ ಮುಂಚೆಯೇ ಮೇಲಧಿಕಾರಿಯ ಹತ್ತಿರ ಕೆಲಸ ಬಿಡುತ್ತೇನೆ ಅಂದಿರುತ್ತಾನೆ. ಇನ್ನೂ ಈ ರಸ್ತೆಯಲ್ಲೇ ಇದ್ದರೆ ನಾನೂ ಈ ಬೈಕ್ ಗ್ಯಾಂಗಿನವರಂತೆ ಆಗುತ್ತೇನೆ ಅನ್ನುವ ಭಯ ಅವನಿಗೆ. ಸೇಡು ಶುರುವಾದಾಗ ಆ ಭಯ ಅಕ್ಷರಶಃ ನಿಜವಾಗುವುದನ್ನು ನೋಡುತ್ತೇವೆ. ಕೊನೆಯಲ್ಲಿ ಅವನು ಆ ಗ್ಯಾಂಗಿನ ಹುಡುಗನೊಬ್ಬನ ಕಾಲಿಗೆ ಬೇಡಿ ಹಾಕಿ, ಉರುಳಿ ಬಿದ್ದ ಗಾಡಿಗೆ ಕಟ್ಟುತ್ತಾನೆ. ಪೆಟ್ರೋಲ್ ಸೋರುತ್ತಿದೆ. ಕೈಗೆ ಒಂದು ಗರಗಸ ಕೊಟ್ಟು, ಬೇಡಿ ಕೊಯ್ಯಲು ಹತ್ತು ನಿಮಿಷ ಬೇಕು, ಕಾಲು ಕೊಯ್ಯಲು ಐದು ಸಾಕು ಅಂತ ಹೇಳಿ ಹೋಗಿಬಿಡುತ್ತಾನೆ. ಗಮನಿಸಿ, ಅದು ಪೊಲೀಸ್ ಬೇಡಿ. ಹಿಡಿದು ಕೋರ್ಟಿಗೆ ಕೊಡಲಿ ಅಂತ ಇರುವ ವಸ್ತು. ಮ್ಯಾಕ್ಸ್ ಎಷ್ಟು ದೂರ ಬಂದುಬಿಟ್ಟಿದ್ದಾನೆ ಅನ್ನುವುದನ್ನು ಆ ಒಂದು ಬೇಡಿ ಹೇಳುತ್ತದೆ.

'ಶೋಲೆ'ಯದ್ದು ಇನ್ನೊಂದೇ ದಾರಿ. ಅದನ್ನು ಎಲ್ಲರೂ ಇಬ್ಬರು ಗೆಳೆಯರ ಕಥೆ ಅಂತ ನೋಡುತ್ತಾರೆ. ಬಿಡಿಸಿ ನೋಡಿದರೆ ಒಳಗಿರುವುದು ಠಾಕೂರ್ ಅನ್ನುವ ಮಾಜಿ ಪೊಲೀಸ್ ಅಧಿಕಾರಿಯ ಸೇಡು. ಹೋಳಿಯ ದಿನ ಡಕಾಯಿತ ಗಬ್ಬರ್ ದಾಳಿ ಮಾಡುತ್ತಾನೆ. ಬಂದೂಕು ಠಾಕೂರನ ಕಾಲ ಬಳಿಯೇ ಬಿದ್ದಿದೆ, ಅವನು ಬಗ್ಗಿ ಎತ್ತಿಕೊಡುವುದಿಲ್ಲ. ಗೆಳೆಯರಿಗೆ ಸಿಟ್ಟು ಬರುತ್ತದೆ. ನೋಡುತ್ತಿರುವ ನಮಗೂ ಬರುತ್ತದೆ. ಆಗ ಫ್ಲ್ಯಾಶ್‌ಬ್ಯಾಕ್. ಅದು ಮುಗಿದಾಗ ಶಾಲು ಜಾರುತ್ತದೆ, ತೋಳುಗಳೇ ಇಲ್ಲ. ನಮ್ಮ ಸಿಟ್ಟಿಗೆ ನಾವೇ ತಲೆ ತಗ್ಗಿಸುವ ಹಾಗೆ ಮಾಡಿ, ಆಮೇಲೆ ನಮ್ಮನ್ನು ಅವನ ಸೇಡಿಗೆ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತದೆ ಆ ಕಥೆ. ಫ್ಲ್ಯಾಶ್‌ಬ್ಯಾಕ್ ಅಂದರೆ ಸುಮ್ನೆ ಹಿಂದೆ ಏನಾಯಿತು ಅಂತ ಹೇಳುವುದಲ್ಲ. ಪ್ರೇಕ್ಷಕರ ಮನಸ್ಸಿನಲ್ಲಿ ಮೊದಲು ಒಂದು ಪ್ರಶ್ನೆ ಹುಟ್ಟಬೇಕು. ಆಮೇಲೆ ಅದು ಉತ್ತರವಾಗಿ ಬರಬೇಕು.

ನನಗೆ ನಿಜವಾಗಿ ಕೋಪ ಬರುವುದು ಒಂದೇ ಒಂದು ಅಭ್ಯಾಸದ ಮೇಲೆ. ಮೊದಲ ರೀಲಿನಲ್ಲೇ ಇಡೀ ಇಲಾಖೆ ಕೆಟ್ಟುಹೋಗಿದೆ ಅಂತ ತೋರಿಸಿಬಿಡುವುದು. ಕಮಿಷನರ್ ಮಾರಿಕೊಂಡಿದ್ದಾನೆ, ಜಡ್ಜ್ ಮಾರಿಕೊಂಡಿದ್ದಾನೆ, ಡಾಕ್ಟರ್ ಸುಳ್ಳು ರಿಪೋರ್ಟ್ ಕೊಡುತ್ತಾನೆ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಹೀರೊ ಹೊಡೆಯದೆ ಇನ್ನೇನು ಮಾಡುತ್ತಾನೆ? ಕಥೆಗಾರರಿಗೆ ಇದು ಸುಲಭ. ಆದರೆ ಹೀರೊಗೆ ಆಯ್ಕೆಯೇ ಇಲ್ಲದ ಹಾಗಾಗುತ್ತದೆ. ಆಯ್ಕೆ ಇಲ್ಲದವನ ಸಂಕಟ ನಮಗೆ ತಟ್ಟುವುದಿಲ್ಲ. ಅದೇ ಒಬ್ಬ ಪ್ರಾಮಾಣಿಕ ಮೇಲಧಿಕಾರಿ ಇದ್ದು, "ನನಗೆ ಮೂರು ದಿನ ಕೊಡಪ್ಪ, ಅವನನ್ನ ಜೀವಂತ ಕರೆದುಕೊಂಡು ಬಾ, ಸ್ಟೇಟ್‌ಮೆಂಟ್ ನಾನು ತಗೊಳ್ತೀನಿ" ಅಂದರೆ? ಆ ಮೂರು ದಿನದ ಪ್ರತಿ ಗಂಟೆಯೂ ಉಸಿರು ಬಿಗಿ ಹಿಡಿಸುತ್ತದೆ. ಒಂದು ಬಾಗಿಲು ತೆರೆದಿರಬೇಕು. ಆಗಲೇ ಅವನು ಅದನ್ನು ದಾಟಿ ಬೇರೆ ಕಡೆ ಹೋದದ್ದಕ್ಕೆ ಅರ್ಥ.

ಸ್ಕ್ರಿಪ್ಟ್ ಓದುವಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಹೀರೊನ ಕೆಲಸ ಬದಲಾಯಿಸಿ ನೋಡುತ್ತೇನೆ. ಇನ್ಸ್‌ಪೆಕ್ಟರ್ ಬದಲು ಲಾರಿ ಡ್ರೈವರ್ ಅಂತ ಹಾಕಿದರೆ ಎಷ್ಟು ಸೀನ್ ಬಿದ್ದುಹೋಗುತ್ತವೆ? ಒಂದೂ ಬೀಳದಿದ್ದರೆ ಅಲ್ಲಿ ಖಾಕಿ ಬರೀ ವೇಷ. 1981ರ 'ಅಂತ' ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್, ತನ್ನಂತೆಯೇ ಕಾಣುವ ಕನ್ವರ್‌ಲಾಲ್ ವೇಷದಲ್ಲಿ ಶತ್ರುಗಳ ನಡುವೆ ಹೋಗಿ ಕೂರುತ್ತಾನೆ. ಕೆಲಸಕ್ಕಾಗಿಯೇ ಖಾಕಿ ಕಳಚಿಟ್ಟವನು. ಅವನು ಪೊಲೀಸ್ ಅಲ್ಲದಿದ್ದರೆ ಆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಕ್ಲೈಮ್ಯಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಡುಭಾಗ ಸರಿಯಾಗಿದ್ದರೆ ಅದು ತಾನಾಗಿ ಬರುತ್ತದೆ. 'ಶೋಲೆ'ಯ ಮೂಲ ಅಂತ್ಯದಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. 1975ರಲ್ಲಿ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ಪೊಲೀಸರು ಬಂದು ತಡೆಯುವ ಸೀನ್ ಸೇರಿಸಬೇಕಾಯಿತು. ಆ ಬದಲಾವಣೆ ಹೊರಗಿನಿಂದ ಹೇರಿದ್ದು, ನೋಡುವಾಗ ಗೊತ್ತಾಗುತ್ತದೆ. ಕಾನೂನೇ ಗೆಲ್ಲಬೇಕು ಅಂತಿದ್ದರೆ ಅದರ ಬೀಜ ಅರ್ಧ ದಾರಿಯಲ್ಲೇ ಬಿತ್ತಿರಬೇಕಿತ್ತು. ಕೊನೆಯ ನಿಮಿಷದಲ್ಲಿ ಜೀಪಿನಲ್ಲಿ ಬಂದು ಇಳಿದರೆ ಆಗುವುದಿಲ್ಲ.

ನನಗೆ ನೋಡಬೇಕು ಅನ್ನಿಸುವ ಕಥೆಯೊಂದಿದೆ. ಆಫೀಸರ್ ಇಬ್ಬರನ್ನು ಕೊಂದಾಗಿದೆ. ಉಳಿದ ಮೂರನೆಯವನು ಬಂದು ಶರಣಾಗುತ್ತಾನೆ, ಕೋರ್ಟಿನಲ್ಲಿ ಎಲ್ಲವನ್ನೂ ಹೇಳುತ್ತೇನೆ ಅನ್ನುತ್ತಾನೆ. ದೊಡ್ಡವನ ಕಡೆಯವರು ಅವನನ್ನು ಮುಗಿಸಲು ಹುಡುಕುತ್ತಿದ್ದಾರೆ. ಅವನಿಗೆ ಕಾವಲು ನಿಲ್ಲಬೇಕಾದವನು ಇದೇ ಆಫೀಸರ್. ವಿಚಾರಣೆಗೆ ಇನ್ನೂ ನಾಲ್ಕು ದಿನ ಇದೆ. ಸಾಕ್ಷಿ ಬಾಯಿ ಬಿಟ್ಟರೆ ದೊಡ್ಡವನ ಜೊತೆಗೆ ಆ ಎರಡು ಕೊಲೆಗಳೂ ಹೊರಗೆ ಬರುತ್ತವೆ. ಇಂಥದ್ದನ್ನು ಯಾರಾದರೂ ಬರೆಯುತ್ತಿದ್ದರೆ ದಯವಿಟ್ಟು ಕಳಿಸಿ, ಒಂದೇ ಸಲಕ್ಕೆ ಕೂತು ಓದಿ ಉತ್ತರ ಬರೆಯುತ್ತೇನೆ.