ಗೇನ್ಸ್‌ವಿಲ್ ಬಿಸಿಲು, ಬೆಂಚಿನ ಬಲ
ಫ್ಲಾರಿಡಾ ವಿಶ್ವವಿದ್ಯಾಲಯದ ಊರಾದ ಗೇನ್ಸ್‌ವಿಲ್‌ನ ಸೆಪ್ಟೆಂಬರ್ ಬಿಸಿಲು ಅಮೆರಿಕನ್ ಫುಟ್‌ಬಾಲ್ ಆಡುವ ಫ್ಲಾರಿಡಾ, ಟೆನೆಸಿ ಎರಡೂ ತಂಡಕ್ಕೆ ಒಂದೇ ಎಂದು ಲೇಖನವೊಂದರ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಆ ಬಿಸಿಲನ್ನು ಹಂಚಿಕೊಳ್ಳುವ ತಲೆಗಳ ಲೆಕ್ಕ ಒಂದೇ ಇರುವುದಿಲ್ಲ. ಎದುರಾಳಿಯನ್ನು ತಡೆಯುವ ಮುಂಚೂಣಿ ಸಾಲಾದ ಡಿಫೆನ್ಸಿವ್ ಲೈನ್‌ನ 4 ಜಾಗಕ್ಕೆ ನಂಬಬಹುದಾದ 8-9 ಜನ ಬೇಕು. ಐದೇ ಜನರಲ್ಲಿ ದಬ್ಬಿದರೆ ಕೊನೆಯದಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ಬಣ್ಣ ಬಯಲಾಗುತ್ತದೆ. 135 ಕಿಲೋ ಆಳು, ಮೇಲೆ ಹೆಲ್ಮೆಟ್, ಪ್ಯಾಡು. ಆ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಅವನ ಮೊದಲ ಹೆಜ್ಜೆ ಗಮನಿಸಿ: ದಣಿದವನು ಬಾಗಿ ನುಗ್ಗದೆ ನೆಟ್ಟಗೆ ಎದ್ದು ನಿಲ್ಲುತ್ತಾನೆ, ಎದುರು ತಂಡದ ಲೈನ್‌ನಲ್ಲಿರುವ ಗಾರ್ಡ್ ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಾನೆ. ಅಫೆನ್ಸ್, ಅಂದರೆ ಚೆಂಡು ಕೈಯಲ್ಲಿರುವ ತಂಡ, ಯಾರನ್ನೂ ಬದಲಿಸದೆ ಸರಸರನೆ ಸ್ನ್ಯಾಪ್ ಮಾಡಿದರೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡಿದರೆ) ಡಿಫೆನ್ಸ್‌ಗೆ ಬದಲಿಸಲು ಪುರುಸೊತ್ತೇ ಸಿಗದು, ಬೆಂಚಿನಲ್ಲಿ ಜನರಿದ್ದೂ ದಂಡ. ಅದಕ್ಕೇ ಡ್ರೈವ್, ಅಂದರೆ ಅಫೆನ್ಸ್ ಚೆಂಡು ಹಿಡಿದು ಮುನ್ನುಗ್ಗುವ ಸರದಿ, ಶುರುವಾಗುವಾಗಲೇ ಇಡೀ ಲೈನ್ ಬದಲಿಸುವುದು ಒಳ್ಳೆಯದು.

ಬರೀ ನೀರು ಕುಡಿಸುವುದೂ ತಪ್ಪು. ಬೆವರಿನಲ್ಲಿ ಹೋದ ಸೋಡಿಯಂ ಅದರಿಂದ ವಾಪಸ್ ಬರದು. 1965ರಲ್ಲಿ ಇದೇ ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ತಂಡ ಉಪ್ಪು, ಸಕ್ಕರೆ ಬೆರೆಸಿ ಗೇಟೊರೇಡ್ ಪಾನೀಯ ಮಾಡಿದ್ದು ಇದಕ್ಕೇ. ಆಟಗಾರ ಏನೇನೋ ಬಡಬಡಿಸತೊಡಗಿದರೆ ಬರೀ ಸ್ನಾಯು ಸೆಳೆತ ಅಂದುಕೊಳ್ಳಬೇಡಿ. ಮೈಯ ಒಳತಾಪ 40 ಡಿಗ್ರಿ ದಾಟಿರಬಹುದು. ಮೊದಲು ಐಸ್ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ತಾಪ ಇಳಿದ ಮೇಲೆ ಆಂಬುಲೆನ್ಸ್ ಹತ್ತಿಸಿ.